ಸಾಹುಕಾರನ ಹಿಂದೆ ನಿಂತವನು

ಸಮರ್‌ಸೆಟ್

ನಾನು ಅಮೆರಿಕಕ್ಕೆ ಹೋದದ್ದು ನಾಲ್ಕು ವರ್ಷದ ಹುಡುಗಿಯೊಬ್ಬಳ ಕಿವಿ ಚುಚ್ಚಿಸಲು. ನ್ಯೂಜೆರ್ಸಿಯ ಸಮರ್‌ಸೆಟ್ ಊರಿನಲ್ಲಿದ್ದ ಜಯಕ್ಕ ತನ್ನ ಮಗಳು ಅನುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಿಸಬೇಕೆಂದು ಹಟ ಹಿಡಿದಳು. ಇದ್ದ ಸೋದರಮಾವ ನಾನೊಬ್ಬನೇ. ಮೈಸೂರಿನಲ್ಲಿ ನನ್ನದು ಬ್ಲಾಕ್ ಮಾಡುವ ಅಂಗಡಿ. ವಾರಪತ್ರಿಕೆಯ ಚಿತ್ರ, ಮದುವೆ ಕಾಗದದ ಗಣಪತಿ, ಊದುಬತ್ತಿಯ ಲೇಬಲ್ಲು, ಯಾವುದನ್ನೇ ತಂದುಕೊಟ್ಟರೂ ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್ಡಿನಲ್ಲಿ ಕೊರೆದು, ಅಚ್ಚಿಗೆ ಸಿದ್ಧಮಾಡಿ ಕೊಡುವುದು ನನ್ನ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಮಾಡಿದವನಿಗೆ ಜಗತ್ತಿನ ಯಾವ ಅಚ್ಚಾದ ಚಿತ್ರವನ್ನೂ ಕಣ್ಣು ಮುಚ್ಚಿ ಗುರುತಿಸಬಲ್ಲೆನೆಂಬ ಧೈರ್ಯ ಬಂದಿರುತ್ತದೆ. ಆ ಧೈರ್ಯವನ್ನೂ ಬ್ಲಾಕಿನ ಚುಕ್ಕಿ ನೋಡುವ ಪುಟ್ಟ ಮಸೂರವನ್ನೂ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಕಿವಿ ಚುಚ್ಚುವುದು ಮೊದಲ ವಾರದಲ್ಲೇ ಮುಗಿಯಿತು. ಅಕ್ಕಸಾಲಿಗನ ಜಾಗದಲ್ಲಿ ಬಿಳಿ ಉಡುಪಿನ ನರ್ಸ್ ಇದ್ದಳು. ಅನು "ಐ ಡೋಂಟ್ ವಾಂಟ್ ಹೋಲ್ಸ್, ಮಾಮಾ!" ಎಂದು ಕಿರುಚಿ ನನ್ನ ಹೆಬ್ಬೆರಳನ್ನು ಕಚ್ಚಿದಳು. ಅವಳ ಕಿವಿ ನಾಲ್ಕು ದಿನಕ್ಕೆ ಮಾಯಿತು, ನನ್ನ ಬೆರಳಿಗೆ ಹತ್ತು ದಿನ ಬೇಕಾಯಿತು. ಆಮೇಲೆ ನನಗೆ ಮಾಡಲು ಏನೂ ಇರಲಿಲ್ಲ, ಟಿಕೆಟ್ಟು ಮಾತ್ರ ಎರಡು ತಿಂಗಳ ನಂತರದ್ದು.

ರಾಘು ಭಾವ ಕೆಮಿಕಲ್ ಎಂಜಿನಿಯರು. ಬೆಳಿಗ್ಗೆ ಏಳಕ್ಕೇ ಕಾರು ತೆಗೆಯುತ್ತಿದ್ದರು. ಹೋಗುವ ಮುಂಚೆ ನನಗೊಂದು ಪಾಠ. "ನೋಡಪ್ಪಾ ಶೀನ, ಇಲ್ಲಿ ನೈಬರ್ಸ್ ತುಂಬಾ ಒಳ್ಳೆಯವರು. ಆದ್ರೆ ಸ್ವಲ್ಪ ಡಿಸ್ಟೆನ್ಸ್ ಮೇಂಟೇನ್ ಮಾಡ್ಬೇಕು. ಯಾರಿಗೂ ಅಡ್ವೈಸ್ ಕೊಡೋಕ್ ಹೋಗ್ಬೇಡ."

ಪಕ್ಕದ ಮನೆಯ ಮುದುಕ ಬೆಳಿಗ್ಗೆ ಪೇಪರು ಎತ್ತಿಕೊಳ್ಳಲು ಬಂದು ನನ್ನನ್ನು ಕಂಡು "ಹೌ ಆರ್ ಯೂ?" ಎಂದ. ಕೇಳಿದವರಿಗೆ ಉತ್ತರ ಕೊಡದಿರುವುದು ನಮ್ಮ ಕಡೆ ಮರ್ಯಾದೆಯಲ್ಲ. ನಿದ್ದೆ ಸರಿಯಾಗಿಲ್ಲವೆಂದೂ, ಚಳಿಗೆ ಮೊಣಕಾಲು ಹಿಡಿದಿದೆಯೆಂದೂ, ಸೋದರ ಸೊಸೆ ಹೆಬ್ಬೆರಳು ಕಚ್ಚಿದ್ದಾಳೆಂದೂ ಒಂದೊಂದಾಗಿ ಹೇಳುತ್ತ ಹೋದೆ. ತಲೆಯೆತ್ತಿ ನೋಡಿದರೆ ಆತ ಬಾಗಿಲು ತಲುಪಿಯಾಗಿತ್ತು. ಅಕ್ಕ ಕಿಟಕಿಯಿಂದ ನೋಡಿ ಬಿದ್ದು ಬಿದ್ದು ನಕ್ಕಳು. "ಅದು ಪ್ರಶ್ನೆ ಅಲ್ಲ ಕಣೋ, ಬರೀ ನಮಸ್ಕಾರ."

ಆದರೆ ಮರುದಿನ ಮುದುಕ ಪೇಪರು ಎತ್ತಿಕೊಂಡು ಅಲ್ಲೇ ನಿಂತ. "ಹೆಬ್ಬೆರಳು ಹೇಗಿದೆ?" ಎಂದ.

ಅವರ ಹೆಸರು ಮಿಸ್ಟರ್ ಕಾರ್ವರ್. ಮ್ಯಾನ್‌ಹ್ಯಾಟನ್ನಿನ ವಿಮಾ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ನನ್ನ ಕೆಲಸವೇನೆಂದು ಕೇಳಿದರು. ನನ್ನ ಇಂಗ್ಲಿಷಿನಲ್ಲಿ "ಆಸಿಡ್, ಮೆಟಲ್, ಪಿಕ್ಚರ್" ಎಂದೆ. ಅವರ ಕಣ್ಣು ಅಗಲವಾಯಿತು. "ಎಚಿಂಗ್! ಬನ್ನಿ, ಒಳಗೆ ಬನ್ನಿ."

ಭಾವನ ಡಿಸ್ಟೆನ್ಸು ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ಮೆಟ್ಟಿಲು

ಬಾಗಿಲು ದಾಟಿದೊಡನೆ ಮಹಡಿಗೆ ಹೋಗುವ ಮೆಟ್ಟಿಲು, ಆ ಮೆಟ್ಟಿಲಿನುದ್ದಕ್ಕೂ ಗೋಡೆಯ ಮೇಲೆ ಲಂಡನ್ನಿನ ದೊಡ್ಡ ಮನುಷ್ಯರು. ಮೂವತ್ತಕ್ಕೂ ಹೆಚ್ಚು ಚಿತ್ರಗಳು, ಒಂದೂವರೆ ಶತಮಾನದಷ್ಟು ಹಳೆಯವು, ತಾಮ್ರದ ತಗಡಿನಿಂದ ಅಚ್ಚು ಹಾಕಿ ಕೈಯಲ್ಲಿ ಬಣ್ಣ ತುಂಬಿದವು. ಎಲ್ಲರೂ ಪಕ್ಕದಿಂದ ಕಾಣುವಂತೆ, ಒಬ್ಬೊಬ್ಬರೇ, ತಮ್ಮ ವ್ಯಾಪಾರದ ಬೀದಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬ ಬ್ಯಾಂಕಿನವನ ಹೊಟ್ಟೆ ಅವನ ಮೂಗಿಗಿಂತ ಒಂದು ಗೇಣು ಮುಂದೆ ಹೋಗಿ ಚೌಕಟ್ಟಿಗೆ ತಾಗಿದೆ. ಷೇರು ದಲ್ಲಾಳಿಯೊಬ್ಬ ಕಂಕುಳಿನ ಕೊಡೆಗಿಂತ ತೆಳ್ಳಗಿದ್ದಾನೆ. ಚಹಾ ವ್ಯಾಪಾರಿ ಗಾಳಿಯನ್ನೇ ಮೂಸುತ್ತ ಹೊರಟಿದ್ದಾನೆ, ಎಲ್ಲೋ ಯಾರೋ ತನಗಿಂತ ಅಗ್ಗವಾಗಿ ಕುದಿಸುತ್ತಿದ್ದಾರೆಂಬ ಅನುಮಾನ ಮುಖದ ಮೇಲಿದೆ. ಪ್ರತಿಯೊಬ್ಬರ ಕೆಳಗೂ ಒಂದು ಚುಚ್ಚುಮಾತಿನ ಹೆಸರು. ಹೊಟ್ಟೆಯವನ ಕೆಳಗೆ "ಬ್ಯಾಂಕಿನ ಆಧಾರಸ್ತಂಭ" ಎಂದಿತ್ತು.

"ಇಷ್ಟೆಲ್ಲ ಗೇಲಿ ಮಾಡಿದವನನ್ನು ಇವರು ಸುಮ್ಮನೆ ಬಿಟ್ಟರೇ?" ಎಂದು ಕೇಳಿದೆ.

"ಸುಮ್ಮನೆಯೇ? ತಮ್ಮ ಚಿತ್ರವನ್ನು ತಾವೇ ಕೊಂಡು ಸ್ನೇಹಿತರಿಗೆ ಹಂಚಿದರಂತೆ."

ನನಗೆ ಆಶ್ಚರ್ಯವಾಗಲಿಲ್ಲ. ಮೈಸೂರಿನಲ್ಲಿ ಒಮ್ಮೆ ಪುರಸಭೆಯ ಸದಸ್ಯರೊಬ್ಬರ ವ್ಯಂಗ್ಯಚಿತ್ರಕ್ಕೆ ನಾನೇ ಬ್ಲಾಕ್ ಮಾಡಿದ್ದೆ. ಅದು ಅಚ್ಚಾದ ದಿನವೇ ಆತ ಅಂಗಡಿಗೆ ನುಗ್ಗಿ ಬೀದಿಗೆಲ್ಲ ಕೇಳುವಂತೆ ಬೈದರು. ಬೈದು ಮುಗಿದ ಮೇಲೆ ಬಾಗಿಲು ಓರೆ ಮಾಡಿ, "ಆ ಬ್ಲಾಕು ನಿಮಗಿನ್ನು ಬೇಕಿಲ್ಲವಲ್ಲ, ನನಗೆ ಕೊಟ್ಟುಬಿಡಿ" ಎಂದರು. ಅದನ್ನು ಹೇಳಿದಾಗ ಕಾರ್ವರ್ ಮೆಟ್ಟಿಲಿನ ಕಂಬಿ ಹಿಡಿದು ನಕ್ಕರು. ಸಮರ್‌ಸೆಟ್ಟಿನ ಲೈಬ್ರರಿಯಲ್ಲಿ ಇನ್ನು ಮೂರು ವಾರಕ್ಕೆ ತಮ್ಮ ಈ ಚಿತ್ರಗಳ ಪ್ರದರ್ಶನವಿದೆಯೆಂದರು.

ನಾನು ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಜೇಬಿನ ಮಸೂರ ಕೈಗೆ ಬಂತು. ಒಂದೊಂದು ಚಿತ್ರಕ್ಕೂ ಅದನ್ನು ಹಿಡಿಯುತ್ತ, ಗೆರೆಗಳನ್ನು ಹೊಗಳುತ್ತ ಮೇಲಿನ ಮೆಟ್ಟಿಲಿಗೆ ಬಂದೆ. ಅಲ್ಲಿ ಬೂದು ಕೋಟಿನ ಒಬ್ಬ ಹಡಗು ವ್ಯಾಪಾರಿ. ಕೋಟಿನ ಬೂದು ಬಣ್ಣದೊಳಗೆ ಸಣ್ಣ ಸಣ್ಣ ಚುಕ್ಕಿ. ಚುಕ್ಕಿಯೆಂದರೆ ನನ್ನ ಅನ್ನ. ಫೋಟೋವನ್ನು ಚುಕ್ಕಿಗಳಾಗಿ ಒಡೆದು ಬ್ಲಾಕು ಮಾಡುವುದು ನಮ್ಮ ಕಾಲದ ಕೆಲಸ, ನೂರೈವತ್ತು ವರ್ಷದ ಹಿಂದಿನದಲ್ಲ.

"ಇದು ಹಳೆಯದಲ್ಲ. ಬ್ಲಾಕಿನಿಂದ ಮಾಡಿದ ನಕಲು" ಎಂದುಬಿಟ್ಟೆ.

ಕಾರ್ವರ್ ಮುಖದಲ್ಲಿದ್ದ ನಗು ಹಾಗೇ ಇತ್ತು, ಆದರೆ ಅದರ ಹಿಂದೆ ಯಾರೂ ಇದ್ದಂತೆ ಕಾಣಲಿಲ್ಲ. "ಹಾಗೋ" ಎಂದರು. ಚಹಾ ಕೇಳಲಿಲ್ಲ.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ಮೇಲ್ಗಡೆ ಇರೋದಾ? ಅಯ್ಯೋ ಶೀನ, ಅದು ಅವರ ಹೆಂಡತಿ ಕೊಟ್ಟಿದ್ದು ಕಣೋ. ಮದುವೆಯಾದ ವರ್ಷ. ಅದೇ ಅವರ ಮೊದಲ್ನೇ ಚಿತ್ರ."

ಸೀಕಾಕಸ್ ದಾಟಿ

ಹತ್ತು ದಿನ ಕಾರ್ವರ್ ನನ್ನ ಹೆಬ್ಬೆರಳನ್ನು ವಿಚಾರಿಸಲಿಲ್ಲ. ಹನ್ನೊಂದನೆಯ ದಿನ ಬಾಗಿಲು ತಟ್ಟಿ, "ನ್ಯೂಯಾರ್ಕಿಗೆ ಹೋಗುತ್ತಿದ್ದೇನೆ. ಆ ಚಿತ್ರ ಮಾರಿದ ಅಂಗಡಿ ಇನ್ನೂ ಇದೆ. ನೀವೂ ಬನ್ನಿ" ಎಂದರು. ಬಗಲಲ್ಲಿ ಕಂದು ಕಾಗದ ಸುತ್ತಿದ ಚೌಕಟ್ಟು.

ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ರೈಲು ಹತ್ತಿದೆವು. ಡಬ್ಬಿಯ ತುಂಬ ಕೋಟಿನ ಗಂಡಸರು. ಎಲ್ಲರೂ ಪೇಪರನ್ನು ಉದ್ದಕ್ಕೆ ಮಡಿಸಿ, ಪಕ್ಕದವನ ಮೊಣಕೈಗೆ ತಾಗದಂತೆ ಓದುತ್ತಿದ್ದರು. ನಮ್ಮಲ್ಲಿ ಒಂದು ಪೇಪರನ್ನು ಒಂದು ಡಬ್ಬಿಯೇ ಓದುತ್ತದೆ, ಹಾಳೆ ಬಿಡಿಬಿಡಿಯಾಗಿ ಕಿಟಕಿಯಿಂದ ಕಿಟಕಿಗೆ ಹೋಗುತ್ತದೆ. ಇಲ್ಲಿ ಪಕ್ಕದವನ ಪೇಪರಿಗೆ ಕಣ್ಣು ಹಾಕಿದ ನಾನೊಬ್ಬನೇ. ಆತ ಪುಟ ತಿರುಗಿಸುವ ಮುನ್ನ ನನಗಾಗಿ ಅರೆಕ್ಷಣ ಕಾದ, ಆದರೆ ಒಮ್ಮೆಯೂ ನನ್ನತ್ತ ನೋಡಲಿಲ್ಲ.

ಸೀಕಾಕಸ್ ಬಳಿ ಜೌಗುನೆಲ ಶುರುವಾಯಿತು, ಹುಲ್ಲು, ಗೋದಾಮುಗಳು, ಹೊಗೆ. ಕಾರ್ವರ್ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಯಾವ ವಾಸನೆಯೂ ಇರಲಿಲ್ಲ. "ಇಲ್ಲಿ ಹಂದಿ ಸಾಕುತ್ತಿದ್ದರು. ಈಗಿಲ್ಲ" ಎಂದರು. ಕರ್ಚೀಫು ಮಾತ್ರ ತೆಗೆಯಲಿಲ್ಲ.

ಅಂಗಡಿ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಅಂಗಡಿಯಾಕೆಗೆ ಎಂಬತ್ತಾದರೂ ಆಗಿರಬೇಕು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಮಲಗಿಸಿ, ಬೋಗುಣಿಯಷ್ಟು ದೊಡ್ಡ ಮಸೂರವನ್ನು ನನ್ನ ಮುಂದೆ ತಳ್ಳಿದರು.

"ಬ್ಲಾಕಿನ ಚುಕ್ಕಿ ಹೇಗಿರುತ್ತದೆ?"

"ಸಾಲಾಗಿ. ಸೈನಿಕರ ಹಾಗೆ."

"ಸಾಲು ತೋರಿಸಿ."

ನೋಡಿದೆ. ಸಾಲು ಇರಲಿಲ್ಲ. ಚುಕ್ಕಿಗಳು ಚೆಲ್ಲಿದ ರವೆಯ ಹಾಗೆ ಮನಸ್ಸಿಗೆ ಬಂದಲ್ಲಿ ಬಿದ್ದಿದ್ದವು. ತಾಮ್ರದ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಕಣಗಳ ನಡುವೆ ಆಸಿಡ್ಡು ಕೊರೆಯುವಂತೆ ಬಿಡುವುದು ಹಳೆಯ ಪದ್ಧತಿ. ಕೇಳಿ ಗೊತ್ತಿತ್ತು, ಕಣ್ಣಿಂದ ಕಂಡಿರಲಿಲ್ಲ. ಆಕೆ ಕಾಗದದ ಅಂಚನ್ನು ಬೆರಳಿಂದ ತೋರಿಸಿದರು. ತಾಮ್ರದ ತಗಡನ್ನು ಒತ್ತಿದಾಗ ಬೀಳುವ ತಗ್ಗು ಸುತ್ತಲೂ ಸ್ಪಷ್ಟವಾಗಿತ್ತು. ಚೌಕಟ್ಟಿನೊಳಗಿದ್ದಾಗ ಅದು ಮುಚ್ಚಿಹೋಗಿತ್ತು. ನಾನು ಚೌಕಟ್ಟು ಬಿಚ್ಚಿ ನೋಡುವ ಕಷ್ಟವನ್ನೇ ತೆಗೆದುಕೊಂಡಿರಲಿಲ್ಲ.

"ನನ್ನದು ತಪ್ಪು" ಎಂದು ಕಾರ್ವರ್‌ಗೆ ಹೇಳಿದೆ. "ನೋಡದೆ ಹೇಳಿದೆ. ಕ್ಷಮಿಸಬೇಕು."

ಅವರು ತಲೆಯಾಡಿಸಿದರು. ಆಕೆಗೆ ವಂದಿಸಿ ಬೀದಿಗಿಳಿದಾಗ ಊಟದ ಹೊತ್ತು. ಷೇರುಪೇಟೆಯ ಕಡೆ ನಡೆದೆವು. ಕಚೇರಿಗಳಿಂದ ಜನ ಹೊರಗೆ ಸುರಿಯುತ್ತಿತ್ತು. ಒಬ್ಬ ದಪ್ಪನೆಯ ಸಾಹೇಬ ನಮ್ಮೆದುರು ಹಾದುಹೋದ. ಹೊಟ್ಟೆ ಮೊದಲು ಬಂತು, ಮೂಗು ಆಮೇಲೆ. ಕಾರ್ವರ್ ನನ್ನ ಮೊಣಕೈ ಹಿಡಿದು, "ಆಧಾರಸ್ತಂಭ" ಎಂದು ಪಿಸುಗುಟ್ಟಿದರು. ನನಗೆ ಜೀವ ಬಂದಂತಾಯಿತು.

ಮತ್ತೆ ಆ ಮೆಟ್ಟಿಲು

ಪ್ರದರ್ಶನಕ್ಕೆ ಮುಂಚೆ ಚೌಕಟ್ಟುಗಳನ್ನೆಲ್ಲ ಬಿಚ್ಚಿ ಗಾಜು ಒರೆಸಬೇಕಿತ್ತು. ಕಾರ್ವರ್ ಒಬ್ಬರಿಂದ ಆಗುವಂತಿರಲಿಲ್ಲ. ಆ ಕೆಲಸ ನಾನು ಕೇಳಿ ಪಡೆದೆ. ಮೂರು ಮಧ್ಯಾಹ್ನ ಅವರ ಊಟದ ಮೇಜಿನ ಮೇಲೆ ಲಂಡನ್ನಿನ ಸಾಹುಕಾರರನ್ನು ಒಬ್ಬೊಬ್ಬರನ್ನಾಗಿ ಮಲಗಿಸಿ, ಎಬ್ಬಿಸಿದೆ.

ಮೂರನೆಯ ಮಧ್ಯಾಹ್ನ ಕೈಗೆ ಬಂದದ್ದು ಇಂಡಿಯಾದ ವ್ಯಾಪಾರದಲ್ಲಿ ದುಡ್ಡು ಮಾಡಿದ ಒಬ್ಬ ಕೆಂಪು ಮುಖದ ಸಾಹುಕಾರ. ಅವನ ಹಿಂದೆ, ಚಿತ್ರದ ಅಂಚಿನಲ್ಲಿ, ಮುಂಡಾಸಿನ ಒಬ್ಬ ಸಣ್ಣ ಮನುಷ್ಯ. ಚೌಕಟ್ಟಿನ ಒಳಗಿನ ದಪ್ಪ ಕಾಗದ ಅವನನ್ನು ಅರ್ಧಕ್ಕೆ ಮುಚ್ಚಿತ್ತು. ಚಿತ್ರದ ಹಿಂಬದಿಯಲ್ಲಿ ಹಿಂದಿನ ಮಾಲೀಕರು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ತುರ್ಕಿ ಆಳು, ಒಡೆಯನ ಹಣದ ಚೀಲದೊಂದಿಗೆ. ಕಾರ್ವರ್ ತಮ್ಮ ಪ್ರದರ್ಶನದ ಪಟ್ಟಿಗೂ ಅದನ್ನೇ ಇಳಿಸಿಕೊಂಡಿದ್ದರು.

ಮುಚ್ಚಿದ ಕಾಗದ ಎತ್ತಿದೆ. ಮನುಷ್ಯ ಪೂರ್ತಿ ಕಂಡ. ಹಣೆಯ ಮೇಲೆ ಮೂರು ಗೆರೆ, ನಡುವಿನದು ಕೆಂಪು. ಸೊಂಟದಲ್ಲಿ ಚೀಲ, ಮಡಿಕೆ ಮಡಿಕೆಯಾಗಿ, ಜೋತುಬಿದ್ದ ದಾರ, ಅದರ ಪಕ್ಕ ಸಣ್ಣ ಸರಪಳಿಯ ತುದಿಗೆ ದುಂಡನೆಯ ಡಬ್ಬಿ. ನನ್ನ ಅಜ್ಜಿಯ ಸೊಂಟದಲ್ಲಿ ಅಂಥದ್ದು ಇಲ್ಲದ ದಿನವನ್ನು ನಾನು ಕಂಡಿಲ್ಲ. ಅದು ಎಲೆಯಡಿಕೆಯ ಸಂಚಿ. ಡಬ್ಬಿ ಸುಣ್ಣದ್ದು.

ಬಾಯಿ ತೆರೆದೆ. ಎದುರಿಗೆ ಕಾರ್ವರ್ ಬೂದು ಕೋಟಿನ ಚಿತ್ರವನ್ನು, ಹೆಂಡತಿ ಕೊಟ್ಟದ್ದನ್ನು, ಮತ್ತೆ ಚೌಕಟ್ಟಿಗೆ ಕೂರಿಸುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಆ ಸಂಜೆ ಮನೆಯಲ್ಲಿ ಎರಡು ಪಕ್ಷವಾಯಿತು. "ಬೇಡಪ್ಪಾ, ಒಂದ್ಸಲ ಆಗಿದ್ದು ಸಾಕು. ಲೆಟ್ ಇಟ್ ಗೋ" ಎಂದರು ಭಾವ. ಅಕ್ಕ ತಟ್ಟೆಗೆ ಹುಳಿ ಬಡಿಸುತ್ತ, "ಆವತ್ತು ಗೊತ್ತಿಲ್ದೆ ಹೇಳ್ದೆ. ಇವತ್ತು ಗೊತ್ತಿದ್ದೂ ಸುಮ್ನಿರ್ತೀಯಾ? ಇದ್ಯಾವ ಸೀಮೆ ಪ್ರಾಯಶ್ಚಿತ್ತ?" ಎಂದಳು.

ಅಕ್ಕನ ಮಾತೇ ಸರಿ ಎನ್ನಿಸಿತು. ಆದರೆ ಈ ಸಲ ಬರಿಯ ಬಾಯಿಮಾತು ಸಾಲದು. ಅನುವಿನ ಕಿವಿ ಚುಚ್ಚಿದ ದಿನ ಊಟಕ್ಕೆ ಬಂದಿದ್ದ ಗೋದಾವರಿಬಾಯಿಯವರ ನೆನಪಾಯಿತು. ಧಾರವಾಡದವರು, ಮಗ ಡಾಕ್ಟರು, ಮನ್ರೋ ಕಡೆ ಹೊಲಗಳ ನಡುವೆ ಮನೆ. ಊಟವಾದ ಮೇಲೆ ಆಕೆ ಅಮೆರಿಕನ್ ಸೋಫಾದ ಮೇಲೆ ಕಾಲು ಮಡಿಸಿ ಕೂತು ಸೊಂಟದಿಂದ ತೆಗೆದದ್ದು ಅಂಥದ್ದೇ ಸಂಚಿ.

ಮನ್ರೋ, ಮತ್ತು ಪೆಟ್ರೋಲಿನ ಸಾಲು

ಶನಿವಾರ ಆಕೆಯನ್ನು ಕರೆತರಲು ಭಾವನೇ ಡ್ರೈವ್ ಮಾಡಿದರು, ಗೊಣಗುತ್ತಲೇ. ಅದು ಪೆಟ್ರೋಲಿಗೆ ಬರ ಬಂದಿದ್ದ ಕಾಲ. ಸಮಸಂಖ್ಯೆಯ ಕಾರುಗಳಿಗೆ ಸಮ ತಾರೀಖು, ಬೆಸಕ್ಕೆ ಬೆಸ ತಾರೀಖು ಎಂದು ನಿಯಮವಾಗಿತ್ತು. ಗೋದಾವರಿಬಾಯಿಯವರನ್ನು ಹತ್ತಿಸಿಕೊಂಡು ಅರ್ಧ ದಾರಿ ಬಂದಿದ್ದೆವು, ಮುಳ್ಳು ತಳ ಮುಟ್ಟಿತು. ಹೇಗೋ ಒಂದು ಪೆಟ್ರೋಲ್ ಬಂಕಿನವರೆಗೆ ಉರುಳಿದೆವು. ಅಲ್ಲಿದ್ದವನು ನಂಬರ್ ಪ್ಲೇಟು ನೋಡಿ ಕೈಯಾಡಿಸಿದ. ನಮ್ಮದು ಬೆಸ, ಅಂದು ಸಮ.

ಅಂದೇ ಮಧ್ಯಾಹ್ನ ಕಾರ್ವರ್ ಚಿತ್ರಗಳ ಕೆಳಗೆ ಹಚ್ಚುವ ಚೀಟಿಗಳ ಪಟ್ಟಿಯನ್ನು ಟೈಪ್ ಮಾಡಿಸಲು ಲೈಬ್ರರಿಗೆ ಕೊಡುವವರಿದ್ದರು. ನಾನು ಟೆಲಿಫೋನ್ ಗೂಡಿಗೆ ಓಡಿ ಅವರಿಗೇ ಫೋನು ಮಾಡಿದೆ. ಪರಿಸ್ಥಿತಿ ಹೇಳಿ, "ಪಟ್ಟಿ ಕೊಡುವ ಮುಂಚೆ ನಿಮಗೊಂದು ವಸ್ತು ತೋರಿಸಬೇಕು" ಎಂದೆ.

"ನನ್ನದು ಸಮಸಂಖ್ಯೆ. ಬರುತ್ತೇನೆ" ಎಂದರು.

ದೋಣಿಯಂಥ ಕಾರಿನಲ್ಲಿ ಬಂದರು. ಬಂದವರು ತಾವೂ ಪೆಟ್ರೋಲು ಹಾಕಿಸಿಕೊಳ್ಳೋಣವೆಂದು ಸಾಲಿನಲ್ಲಿ ನಿಂತರು. ಮುಂದೆ ಮೂವತ್ತು ಕಾರು. ಭಾವ ತಮ್ಮ ಕಾರಿನ ಬಳಿಯೇ ಉಳಿದರು. ಗೋದಾವರಿಬಾಯಿಯವರನ್ನು ಕಾರ್ವರ್ ಪಕ್ಕದ ಸೀಟಿನಲ್ಲಿ ಕೂರಿಸಿ ನಾನು ಹಿಂದೆ ಕೂತೆ. ಆ ಚಿತ್ರದ ಮುಂಡಾಸಿನವನ ಚೀಲವನ್ನು ನೆನಪಿನಿಂದ ದೊಡ್ಡದಾಗಿ ಬರೆದುಕೊಂಡಿದ್ದ ಹಾಳೆಯನ್ನು ಮುಂದಕ್ಕೆ ಚಾಚಿದೆ.

ಗೋದಾವರಿಬಾಯಿ ಹಾಳೆ ನೋಡಿದರು. "ಇದೇನ್ರೀ ಶೀನಪ್ಪಾ, ಚಂಚಿ ಅಲ್ಲೇನಿದು? ಇದನ್ನ ತೋರ್ಸಲಿಕ್ಕ ನನ್ನ ಇಷ್ಟು ದೂರ ಕರಕೊಂಡ ಬಂದ್ರಿ?"

"ನಿಮ್ಮದನ್ನ ಇವರಿಗೆ ತೋರಿಸಿ ಅಮ್ಮಾ."

"ತೋರ್ಸೂದೇನು, ತಿನ್ನಸ್ತೀನಿ ತಡೀರಿ." ಸೊಂಟದಿಂದ ಎಳೆದು ಸ್ಟಿಯರಿಂಗಿನ ಪಕ್ಕದಲ್ಲೇ ಬಿಡಿಸಿಟ್ಟರು. ದಾರ ಸಡಿಲಿಸಿದರೆ ಮಡಿಕೆಯೊಳಗೆ ಮಡಿಕೆ, ಖಾನೆಯೊಳಗೆ ಖಾನೆ. ಒಂದರಿಂದ ಅಡಿಕೆ, ಒಂದರಿಂದ ಲವಂಗ, ಒಂದರಿಂದ ಅಡಿಕೆ ಕತ್ತರಿಸುವ ಅಡಕೊತ್ತು. "ಇದು ಎಲಿ ಇಡೂದು. ಈ ದೇಶದಾಗ ಎಲಿ ಎಲ್ಲಿ ಸಿಗ್ತಾವ? ಖಾಲಿ ಅದ ನೋಡ್ರಿ." ಕೊನೆಗೆ ಸರಪಳಿಯ ತುದಿಯ ಪುಟ್ಟ ಹಿತ್ತಾಳೆ ಡಬ್ಬಿ.

ಕಾರ್ವರ್ ಆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡರು. ಹಾಳೆ ನೋಡಿದರು, ಡಬ್ಬಿ ನೋಡಿದರು. "ಇದನ್ನು ನಾನು ಚೀಲದಿಂದ ಬೀಳುತ್ತಿರುವ ನಾಣ್ಯ ಅಂದುಕೊಂಡಿದ್ದೆ" ಎಂದರು.

ಈಗ ನಾನು ಮಾತಾಡಿದೆ. "ಅವನ ಹಣೆಯ ಮೇಲಿನ ಗೆರೆಗಳನ್ನೂ ನೆನೆಸಿಕೊಳ್ಳಿ. ನೀವದನ್ನು ಸುಕ್ಕು ಅಂದುಕೊಂಡಿರಬಹುದು, ಸುಕ್ಕಿಗೆ ಯಾರಾದರೂ ಕೆಂಪು ಬಣ್ಣ ಹಚ್ಚುತ್ತಾರೆಯೇ? ಅದು ನಾಮ, ನಮ್ಮವರು ದೇವರಿಗಾಗಿ ಇಟ್ಟುಕೊಳ್ಳುವುದು. ಈತ ಯಾವ ಊರಿನವನೋ ಹೇಳಲಾರೆ. ತುರ್ಕಿಯವನಲ್ಲ, ನಮ್ಮ ಕಡೆಯವನು. ಈ ಸಲ ಚೌಕಟ್ಟು ಬಿಚ್ಚಿ ನೋಡಿ ಹೇಳುತ್ತಿದ್ದೇನೆ."

ಹಿಂದಿನ ಕಾರಿನವನು ಹಾರನ್ನು ಬಾರಿಸಿದ. ನಮ್ಮ ಮುಂದೆ ನಾಲ್ಕು ಕಾರಿನಷ್ಟು ಜಾಗ ಖಾಲಿಯಾಗಿತ್ತು, ಕಾರ್ವರ್‌ಗೆ ಗಮನವೇ ಇರಲಿಲ್ಲ. ಗೋದಾವರಿಬಾಯಿ ಕತ್ತರಿಸಿ ಕೊಟ್ಟ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡು, ಕೆಮ್ಮಿ, ಕಣ್ಣೊರೆಸಿಕೊಂಡರು.

"ಹಾಗಾದರೆ ಆತ ಹೊತ್ತಿರುವುದು ಸಾಹುಕಾರನ ಚೀಲವಲ್ಲ" ಎಂದರು. "ತನ್ನದೇ."

ಕೋಟಿನ ಒಳಜೇಬಿನಿಂದ ಪಟ್ಟಿ ತೆಗೆದು, ಆ ಸಾಲನ್ನು ಪೆನ್ನಿನಿಂದ ಎರಡು ಸಲ ಹೊಡೆದುಹಾಕಿದರು. ಹಾರನ್ನು ಇನ್ನೂ ಕೂಗುತ್ತಿತ್ತು.

ಲೈಬ್ರರಿ

ಪ್ರದರ್ಶನದ ಮೊದಲ ದಿನ ಅಕ್ಕನಿಗೆ ಗೊತ್ತಿದ್ದ ಕನ್ನಡದ ಮನೆಗಳವರೆಲ್ಲ ಬಂದರು. ಎಲ್ಲ ಸೇರಿ ಆರು ಮನೆ. ಅಮೆರಿಕನ್ನರು ಪ್ರತಿ ಚಿತ್ರದ ಮುಂದೂ ಸರತಿಯಲ್ಲಿ ನಿಂತು, ಮೆಲುದನಿಯಲ್ಲಿ "ಇಂಟರೆಸ್ಟಿಂಗ್" ಎನ್ನುತ್ತ ಮುಂದೆ ಹೋಗುತ್ತಿದ್ದರು. ನಮ್ಮವರು ಗುಂಪಾಗಿ ಒಂದೇ ಚಿತ್ರದ ಮುಂದೆ ನಿಂತುಬಿಟ್ಟರು. ಒಬ್ಬರು ಮುಂಡಾಸು ಮೈಸೂರು ಕಡೆಯದ್ದೇ ಎಂದರು, ಇನ್ನೊಬ್ಬರು ಬಳ್ಳಾರಿ ಕಡೆಯದು ಎಂದರು. ವಾದ ಮೇಲೇರಿತು. ಭಾವ "ಸ್ವಲ್ಪ ಸ್ಲೋ ಆಗಿ ಮಾತಾಡಿ, ಇದು ಲೈಬ್ರರಿ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು. ಅವರ ಮುಖದ ಮೇಲೆ ಹೆಮ್ಮೆಯಿತ್ತು. ಕಾರ್ವರ್ ಈ ಬಾರಿ ಚೌಕಟ್ಟಿನ ಒಳಕಾಗದದ ಕಿಂಡಿಯನ್ನು ದೊಡ್ಡದಾಗಿ ಕತ್ತರಿಸಿದ್ದರು. ಸಾಹುಕಾರನಷ್ಟೇ ಪೂರ್ತಿಯಾಗಿ ಅವನ ಹಿಂದಿನವನೂ ಕಾಣುತ್ತಿದ್ದ.

ಗೋದಾವರಿಬಾಯಿ ಜನರನ್ನು ಸರಿಸಿ ಮುಂದೆ ಬಂದರು. "ಕೆಳಗ ಏನ ಬರದಾರ?" ಎಂದು ಕೇಳಿದರು.

ಸಾಹುಕಾರನ ಹೆಸರಿನ ಕೆಳಗಿನ ಸಾಲನ್ನು ಓದಿ ಹೇಳಿದೆ. "ಜೊತೆಗೆ ಒಬ್ಬ ಭಾರತೀಯ, ತನ್ನ ಎಲೆಯಡಿಕೆ ಸಂಚಿಯೊಂದಿಗೆ. ಹೆಸರು ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಅವನ ಅವ್ವ ಹೆಸರ ಇಟ್ಟಿರಲಿಲ್ಲೇನು?" ಆಕೆ ಕನ್ನಡಕ ಏರಿಸಿ ಚಿತ್ರಕ್ಕೆ ಮುಖ ಹತ್ತಿರ ಮಾಡಿದರು. ಅಷ್ಟೂ ಜನರ ಎದುರಿಗೆ, ಪಕ್ಕದ ಮನೆಯ ಹುಡುಗನನ್ನು ಕೇಳುವ ಹಾಗೆ ಕೇಳಿದರು. "ಏನಪಾ ತಮ್ಮಾ, ಏನ ನಿನ ಹೆಸರು? ಇಷ್ಟು ದೂರ ಯಾಕ ಬಂದಿ?"

ಗದ್ದಲ ನಿಂತಿತು. ಆಕೆ ನಿಜವಾಗಿಯೂ ಸ್ವಲ್ಪ ಹೊತ್ತು ಕಾದರು.

ಕಾರ್ವರ್ ನನ್ನ ಪಕ್ಕಕ್ಕೆ ಬಂದು, "ಏನು ಹೇಳಿದರು?" ಎಂದು ಕೇಳಿದರು. ನನ್ನ ಮುರುಕು ಇಂಗ್ಲಿಷಿನಲ್ಲಿ ತಿಳಿಸಿದೆ, ತಾಯಿ ಇಟ್ಟ ಹೆಸರಿನ ಮಾತನ್ನೂ ಸೇರಿಸಿ. ಅವರು ಚೀಟಿಯ ಹತ್ತಿರ ಬಗ್ಗಿ, ಪೆನ್ನು ತೆಗೆದು, "ಗೊತ್ತಿಲ್ಲ" ಎಂಬುದರ ಹಿಂದೆ ಒಂದು ಪದ ಸೇರಿಸಿದರು.

"ಏನ ಬರದ್ರು?" ಎಂದರು ಗೋದಾವರಿಬಾಯಿ.

"ಇನ್ನೂ" ಎಂದೆ. "ಹೆಸರು ಇನ್ನೂ ಗೊತ್ತಿಲ್ಲ."